ಸಣ್ಣ ಪೆಟ್ಟಿಗೆಯಿಂದ ದೊಡ್ಡ ಪೆಟ್ಟಿಗೆಗೆ: ತುಡುವೆ ಕುಟುಂಬ ನೆಲೆಯಾಗದಿದ್ದರೆ ಏನೇನು ಪರೀಕ್ಷಿಸಬೇಕು?

ಕಾಸರಗೋಡಿನ ಅಡಿಕೆ ತೋಟಗಳಲ್ಲಿ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನು, ಸಾಕುವವರಿಗೆ ಹೊಸ ಕುಟುಂಬ ದೊರೆಯುವುದು ಮೂರು ದಾರಿಗಳಲ್ಲಿ: ತಮ್ಮದೇ ಬಲವಾದ ಕುಟುಂಬವನ್ನು ಪಾಲು ಮಾಡಿದಾಗ, ಮರದ ಪೊಟರೆಯಿಂದಲೋ ಕಲ್ಲಿನ ಕಟ್ಟದ ಸಂದಿಯಿಂದಲೋ ಹಿಡಿದು ತಂದಾಗ, ಇಲ್ಲವೇ ಮೂರು ನಾಲ್ಕು ಎರಿಗಳಿರುವ (ಮೇಣದ ಜೇನುತಟ್ಟಿಗಳಿರುವ) ನ್ಯೂಕ್ಲಿಯಸ್ ಪೆಟ್ಟಿಗೆಯನ್ನು ಹಣ ಕೊಟ್ಟು ಕೊಂಡಾಗ. ಮೂರರಲ್ಲಿಯೂ ಮುಂದಿನ ಹೆಜ್ಜೆ ಒಂದೇ. ಸಣ್ಣ ಪೆಟ್ಟಿಗೆಯ ಚೌಕಟ್ಟುಗಳನ್ನು ಇದ್ದ ಕ್ರಮದಲ್ಲೇ ಎತ್ತಿ ದೊಡ್ಡ ಪೆಟ್ಟಿಗೆಯ ಸಂಸಾರ ಕೋಣೆಗೆ (ಮರಿ ಬೆಳೆಯುವ ಕೆಳಗಿನ ಕೋಣೆಗೆ) ಇಳಿಸಬೇಕು. ಆ ಕೆಲಸ ಬೇಗನೆ ಮುಗಿಯುತ್ತದೆ. ತೊಂದರೆಗಳು ತೋರುವುದು ಅದರ ನಂತರದ ಮೂರು ನಾಲ್ಕು ವಾರಗಳಲ್ಲಿ.

ಆ ಅವಧಿಯಲ್ಲಿ ಕಾಣುವ ಲಕ್ಷಣಗಳು ಹಲವಾದರೂ ಅವುಗಳ ಬುಡದಲ್ಲಿರುವ ಕಾರಣಗಳು ಬಹುಪಾಲು ಎರಡೇ ಎಂಬುದು ಈ ಬರಹದ ನಿಲುವು: ನೊಣಗಳ ಸಂಖ್ಯೆಗೆ ಮೀರಿದ ಜಾಗ, ಮತ್ತು ಮೊಟ್ಟೆ ಇಡುವ ರಾಣಿಯ ಅಭಾವ. ಅನುಮಾನ ಬಂದಾಗಲೆಲ್ಲ ಮುಚ್ಚಳ ತೆಗೆದು ನೋಡುವ ಅಭ್ಯಾಸ ಈ ಎರಡನ್ನೂ ಇನ್ನಷ್ಟು ಕೆಡಿಸುತ್ತದೆ. ಆದ್ದರಿಂದ ಪ್ರತಿ ಲಕ್ಷಣದ ಕೆಳಗೆ ಹೊರಗಿನಿಂದಲೇ ಮಾಡಬಹುದಾದ, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಕೊಟ್ಟು, ಎರಿ ಎತ್ತಬೇಕಾದ ಪರೀಕ್ಷೆಗಳನ್ನು ಕೊನೆಗೆ ಇರಿಸಲಾಗಿದೆ. ಇಲ್ಲಿರುವುದೆಲ್ಲ ತುಡುವೆಗೆ ಸಂಬಂಧಿಸಿದ್ದು. ಇಟಾಲಿಯನ್ ಜೇನು ಎಂದು ಮಾರುವ ಮೆಲ್ಲಿಫೆರಾಕ್ಕೆ ಪೆಟ್ಟಿಗೆಯ ಅಳತೆಯೂ ಸ್ವಭಾವವೂ ಬೇರೆ.

ಮೊದಲು ತಿಳಿದಿರಬೇಕಾದದ್ದು: ಸಹಜ ಯಾವುದು?

ಸಂಜೆ ಪೆಟ್ಟಿಗೆ ಬದಲಿಸಿದ್ದರೆ, ಮರುದಿನ ಬೆಳಗ್ಗೆ ನೊಣಗಳು ಹೊರಬಂದು ಪೆಟ್ಟಿಗೆಯ ಕಡೆಗೇ ಮುಖ ಮಾಡಿ ಸಣ್ಣ ಸುತ್ತು ಹಾಕುತ್ತವೆ. ಅವು ಹೊಸ ಬಾಗಿಲಿನ ಗುರುತು ಹಿಡಿಯುತ್ತಿವೆ ಎಂದರ್ಥ. ಮೊದಲ ಒಂದೆರಡು ದಿನ ಪರಾಗ ಕಡಿಮೆ ಬರುವುದು, ಬಾಗಿಲ ಮುಂದೆ ಐದಾರು ಸತ್ತ ನೊಣಗಳೋ ಎಸೆದ ಮರಿಹುಳುಗಳೋ ಕಾಣುವುದು ಚಿಂತೆಯ ವಿಷಯವಲ್ಲ. ಮೂರು ನಾಲ್ಕು ದಿನಗಳಲ್ಲಿ ಕಾಲುಗಳಲ್ಲಿ ಪರಾಗದ ಉಂಡೆ ಹೊತ್ತ ನೊಣಗಳು ಒಂದರ ಹಿಂದೊಂದು ಒಳಹೋಗತೊಡಗಬೇಕು. ತೆಂಗು, ಅಡಿಕೆಯ ಹಿಂಗಾರ ಅರಳಿರುವ ದಿನಗಳಲ್ಲಿ ಬೆಳಗಿನ ಹೊತ್ತು ಇದನ್ನು ನೋಡಿದರೆ ಗೊಂದಲವಿರುವುದಿಲ್ಲ. ಒಂದು ವಾರದ ಹೊತ್ತಿಗೆ ಎರಿಗಳ ಅಂಚಿನಲ್ಲಿ ಹೊಸ ಬಿಳಿ ಮೇಣ ಕಾಣಿಸಬೇಕು.

ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಮ್ಮಲ್ಲಿ ಅಕ್ಟೋಬರದಿಂದ ಡಿಸೆಂಬರದವರೆಗೆ ಕುಟುಂಬಗಳು ಬೆಳೆಯುತ್ತವೆ. ಜನವರಿಯಿಂದ ಏಪ್ರಿಲಿನವರೆಗೆ ರಬ್ಬರಿನ ಎಳೆಚಿಗುರು ಮತ್ತು ಇತರ ಹೂಗಳಿಂದ ಜೇನು ಸಿಗುತ್ತದೆ. ಮಳೆಗಾಲ ಪೂರ್ತಿ ಮೇವಿನ ಬರಗಾಲ. ನವೆಂಬರಿನಲ್ಲಿ ತಾನಾಗಿ ಸರಿಹೋಗುವ ತೊಂದರೆಯೇ ಜುಲೈಯಲ್ಲಿ ಕುಟುಂಬವನ್ನು ಮುಗಿಸಿಬಿಡಬಹುದು. ಜೂನ್ ಕಳೆದ ಮೇಲೆ ಪೆಟ್ಟಿಗೆ ಬದಲಿಸುವ ಯೋಚನೆಯಿದ್ದರೆ ಸೆಪ್ಟೆಂಬರ್ ದಾಟುವವರೆಗೆ ಕಾಯುವುದೇ ಲೇಸು.

ಮುಚ್ಚಳ ತೆಗೆಯುವ ಮುನ್ನ

ಮುಖಪರದೆ, ಪೂರ್ಣ ತೋಳಿನ ತಿಳಿಬಣ್ಣದ ಅಂಗಿ, ಹೊಗೆತಿದಿ ಇವಿಷ್ಟು ಇಲ್ಲದೆ ಪೆಟ್ಟಿಗೆ ತೆರೆಯಬಾರದು. ತೆಂಗಿನ ಸಿಪ್ಪೆಯ ತಣ್ಣನೆಯ ಹೊಗೆ ಸಾಕು, ಅದೂ ಎರಡು ಮೂರು ಬಾರಿ ಮಾತ್ರ. ಹೆಚ್ಚು ಹೊಗೆ ತುಡುವೆಯನ್ನು ಓಡಿಸುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ತೋಟದಲ್ಲಿ ಒಣ ಸೋಗೆ, ಗುಡ್ಡೆಯಲ್ಲಿ ಒಣ ಮುಳಿಹುಲ್ಲು ಇರುವುದರಿಂದ ಹೊಗೆತಿದಿಯ ಕೆಂಡವನ್ನು ನೀರು ಹಾಕಿ ಪೂರ್ತಿ ನಂದಿಸಿಯೇ ಅಲ್ಲಿಂದ ಹೊರಡಬೇಕು. ಪೆಟ್ಟಿಗೆಯ ಬುಡಕ್ಕೆ ಕೈಹಾಕುವ ಮುನ್ನ ಒಮ್ಮೆ ಕಣ್ಣಾಡಿಸುವುದೂ ಒಳ್ಳೆಯದು, ಅಲ್ಲಿನ ತಂಪನ್ನು ಹಾವುಗಳೂ ಬಯಸುತ್ತವೆ.

ನೊಣ ಚುಚ್ಚಿದರೆ ಮುಳ್ಳನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆದು, ಪೆಟ್ಟಿಗೆಯಿಂದ ದೂರ ಸರಿಯಬೇಕು. ಚುಚ್ಚಿದ ಜಾಗ ಬಾತುಕೊಳ್ಳುವುದು ಸಹಜ. ಆದರೆ ಮೈತುಂಬ ದದ್ದು ಏಳುವುದು, ತುಟಿ ಅಥವಾ ನಾಲಗೆ ಬಾತುಕೊಳ್ಳುವುದು, ಉಸಿರು ಕಟ್ಟುವುದು, ವಾಂತಿ, ತಲೆಸುತ್ತು ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಹೊತ್ತು ಕಳೆಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ತಲುಪಿಸಬೇಕು. ಹಿಂದೊಮ್ಮೆ ಹೀಗೆ ಆಗಿರುವವರು ವೈದ್ಯರ ಸಲಹೆಯಿಲ್ಲದೆ ಮತ್ತೆ ಈ ಕೆಲಸಕ್ಕೆ ಕೈಹಾಕಬಾರದು. ಹೆಜ್ಜೇನಿನ ಗೂಡು ಹತ್ತಿರದ ಮರದಲ್ಲಿದ್ದರೆ ಅಂದು ಹೊಗೆ ಹಾಕುವ ಯಾವ ಕೆಲಸವೂ ಬೇಡ.

ಲಕ್ಷಣ: ನೊಣಗಳು ಹಳೆಯ ಜಾಗದಲ್ಲೇ ಗುಂಪುಗೂಡುತ್ತಿವೆ

ಇದು ಎಲ್ಲಕ್ಕಿಂತ ಸುಲಭದ ತೊಂದರೆ. ಸಣ್ಣ ಪೆಟ್ಟಿಗೆ ಇದ್ದ ಸ್ಥಳಕ್ಕೂ ದೊಡ್ಡ ಪೆಟ್ಟಿಗೆಯ ಸ್ಥಳಕ್ಕೂ ಕೆಲವು ಮೀಟರುಗಳ ಅಂತರವಿದ್ದರೆ, ಮೇವಿಗೆ ಹೋದ ನೊಣಗಳು ಹಿಂದಿರುಗುವುದು ಹಳೆಯ ಜಾಗಕ್ಕೇ. ದೊಡ್ಡ ಪೆಟ್ಟಿಗೆಯನ್ನು ಅದೇ ಸ್ಟ್ಯಾಂಡಿನ ಮೇಲೆ, ಬಾಗಿಲು ಅದೇ ದಿಕ್ಕಿಗೆ ಮತ್ತು ಸುಮಾರಾಗಿ ಅದೇ ಎತ್ತರದಲ್ಲಿ ಇರುವಂತೆ ಇಟ್ಟರೆ ಸಂಜೆಯೊಳಗೆ ಎಲ್ಲವೂ ಒಳಸೇರುತ್ತವೆ. ಬೇರೆ ಜಾಗವೇ ಬೇಕೆಂದಿದ್ದರೆ ದಿನಕ್ಕೆ ಎರಡು ಮೂರು ಅಡಿಯಂತೆ ಸರಿಸುತ್ತ ಹೋಗಬೇಕು, ಅಥವಾ ರಾತ್ರಿ ಎರಡು ಮೂರು ಕಿಲೋಮೀಟರ್ ಆಚೆಗೆ ಒಯ್ದು ಕೆಲವು ವಾರ ಅಲ್ಲಿಟ್ಟು ಮರಳಿ ತರಬೇಕು.

ಖಾಲಿಯಾದ ಸಣ್ಣ ಪೆಟ್ಟಿಗೆಯನ್ನು ಪಕ್ಕದಲ್ಲೇ ಬಿಡುವುದರಿಂದಲೂ ಇದೇ ಗೊಂದಲವಾಗುತ್ತದೆ. ಅದರ ಗೋಡೆಗೆ ಅಂಟಿಕೊಂಡು ಉಳಿದ ನೊಣಗಳನ್ನು ಹೊಸ ಬಾಗಿಲ ಮುಂದೆ ಕೊಡವಿ, ಪೆಟ್ಟಿಗೆಯನ್ನು ಮನೆಯೊಳಗೆ ಒಯ್ಯಬೇಕು. ಕೊಡವಿದ ನೊಣಗಳು ಒಳಗೆ ಹೋಗದೆ ಸಣ್ಣ ಪೆಟ್ಟಿಗೆಯ ಮೂಲೆಯನ್ನೇ ಮತ್ತೆ ಮುತ್ತಿಕೊಂಡರೆ ರಾಣಿ ಅಲ್ಲಿಯೇ ಉಳಿದಿರುವ ಸಾಧ್ಯತೆ ಹೆಚ್ಚು. ಅವಸರಿಸದೆ ಆ ಮೂಲೆಯನ್ನು ಹುಡುಕಬೇಕು.

ಲಕ್ಷಣ: ಬಾಗಿಲಿನಿಂದ ಗಡ್ಡದಂತೆ ಜೋತುಬಿದ್ದಿವೆ

ಮಧ್ಯಾಹ್ನ ಮಾತ್ರ ಹೊರಗೆ ಜೋತುಬಿದ್ದು ಇರುಳು ಒಳಹೋಗುವುದಾದರೆ ಕಾರಣ ಸೆಕೆ. ಪೆಟ್ಟಿಗೆಗೆ ಪಡುವಣ ಬಿಸಿಲು ಬೀಳುತ್ತಿದೆಯೇ ಎಂದು ಮೂರು ಗಂಟೆಯ ಹೊತ್ತಿಗೆ ನಿಂತು ನೋಡಬೇಕು. ಮುಚ್ಚಳದ ಮೇಲೆ ಎರಡು ಅಡಿಕೆ ಹಾಳೆಗಳನ್ನೋ ಮಡಲನ್ನೋ ಹಾಸಿ ಕಲ್ಲು ಹೇರಿದರೆ ಸಾಮಾನ್ಯವಾಗಿ ಮರುದಿನಕ್ಕೇ ಕಡಿಮೆಯಾಗುತ್ತದೆ. ಇರುಳಿನಲ್ಲಿಯೂ ಬೆಳಗಿನ ತಂಪಿನಲ್ಲಿಯೂ ಹೊರಗೇ ಉಳಿದಿದ್ದರೆ ಒಳಗೆ ಏನೋ ಸಹಿಸಲಾಗದ್ದು ಇದೆ: ಹೊಸ ಹಲಗೆಯ ಅಥವಾ ಬಣ್ಣದ ಘಾಟು, ಸೀಮೆಎಣ್ಣೆಯ ವಾಸನೆ, ಇಲ್ಲವೇ ಇರುವೆ. ಪೆಟ್ಟಿಗೆಯ ಒಳಭಾಗಕ್ಕೆ ಎಂದೂ ಬಣ್ಣ ಬಳಿಯಬಾರದು; ಹೊರಗೆ ಬಳಿದದ್ದು ಪೂರ್ತಿ ಒಣಗಿ ವಾಸನೆ ಹೋದ ಮೇಲೆಯೇ ನೊಣಗಳನ್ನು ತುಂಬಬೇಕು. ಹೊಸ ಪೆಟ್ಟಿಗೆಯ ಒಳಗೋಡೆಗೆ ಜೇನುಮೇಣವನ್ನು ಉಜ್ಜುವುದು ಹಳೆಯ, ಖರ್ಚಿಲ್ಲದ ಉಪಾಯ.

ಲಕ್ಷಣ: ಪರಾಗ ಬರುವುದು ನಿಂತಿದೆ, ಕುಟುಂಬ ಎದ್ದುಹೋಗುವಂತಿದೆ ಅಥವಾ ಎದ್ದೇಹೋಗಿದೆ

ಪರಾರಿಯಾಗುವುದು ತುಡುವೆಯ ಸ್ವಭಾವದಲ್ಲೇ ಇದೆ. ಹೊಸದಾಗಿ ಪೆಟ್ಟಿಗೆ ಬದಲಿಸಿದವರಿಗೆ ಆಗುವ ನಷ್ಟದಲ್ಲಿ ಇದರದೇ ಹೆಚ್ಚಿನ ಪಾಲು ಇರುವುದರಿಂದ, ಇದನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ.

ಪರಾರಿಯಲ್ಲಿ ಎರಡು ಬಗೆಯಿದೆ. ಗಾಬರಿಯಿಂದ ಏಳುವುದು ಮೊದಲನೆಯದು. ಪೆಟ್ಟಿಗೆ ಬದಲಿಸಿದ ಒಂದೆರಡು ದಿನಗಳೊಳಗೆ, ಮರಿ ತುಂಬಿದ ಎರಿಗಳನ್ನೂ ಬಿಟ್ಟು ಹಗಲಲ್ಲೇ ಹೊರಡುತ್ತವೆ. ಇರುವೆಯ ಮುತ್ತಿಗೆ, ಘಾಟು, ಜೋರಾದ ಅಲುಗಾಟ, ಒಡೆದುಬಿದ್ದ ಎರಿ, ಅತಿಯಾದ ಹೊಗೆ ಇದಕ್ಕೆ ಕಾರಣಗಳು. ಎರಡನೆಯದು ಸಿದ್ಧತೆ ಮಾಡಿಕೊಂಡು ಹೋಗುವುದು, ಮತ್ತು ಇದು ಮುಂದಾಗಿಯೇ ಸುಳಿವು ಕೊಡುತ್ತದೆ: ಪರಾಗ ತರುವುದು ಕಡಿಮೆಯಾಗುತ್ತ ನಿಲ್ಲುತ್ತದೆ, ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ, ಎರಿಯಲ್ಲಿ ಮೇಣದ ಮುಚ್ಚಳದಿಂದ ಮುಚ್ಚಿದ ಕೋಶಗಳ ಮರಿ ಮಾತ್ರ ಉಳಿದು ಮೊಟ್ಟೆಯಾಗಲಿ ಎಳೆಹುಳುವಾಗಲಿ ಕಾಣುವುದಿಲ್ಲ, ಕೂಡಿಟ್ಟ ಜೇನು ಬರಿದಾಗುತ್ತದೆ. ಉಳಿದ ಮರಿಯೆಲ್ಲ ಹೊರಬಂದ ಮೇಲೆ ಕುಟುಂಬ ಎದ್ದುಹೋಗುತ್ತದೆ. ಮುಚ್ಚಿದ ಮೇಲೆ ಮರಿ ನೊಣವಾಗಿ ಹೊರಬರಲು 11-12 ದಿನ ಬೇಕಾಗುವುದರಿಂದ, ಸುಳಿವನ್ನು ಮೊದಲೇ ಗುರುತಿಸಿದವರಿಗೆ ಒಂದು ವಾರದಷ್ಟು ಅವಕಾಶವಿರುತ್ತದೆ.

ಹಸಿವು ಮೊದಲು ನೋಡಬೇಕಾದದ್ದು. ಪೆಟ್ಟಿಗೆಯನ್ನು ಹಿಂಬದಿಯಿಂದ ಒಂದು ಕೈಯಲ್ಲಿ ತುಸು ಎತ್ತಿ ನೋಡಿದರೆ ತೂಕದ ಅಂದಾಜು ಸಿಗುತ್ತದೆ. ತೀರ ಹಗುರವೆನಿಸಿದರೆ ಅಂದು ಸಂಜೆಯೇ ಸಮಪ್ರಮಾಣದ ಸಕ್ಕರೆ ಮತ್ತು ಕುದಿಸಿದ ನೀರಿನ ಪಾಕವನ್ನು ತಣಿಸಿ, ಒಂದು ಗೆರಟೆಯಲ್ಲಿ ಹಾಕಿ, ನೊಣ ಮುಳುಗದಂತೆ ನಾಲ್ಕು ಕಡ್ಡಿಗಳನ್ನು ತೇಲಿಬಿಟ್ಟು ಪೆಟ್ಟಿಗೆಯ ಒಳಗಿಡಬೇಕು. ಬೆಲ್ಲದ ಪಾಕ ಬೇಡ, ಅದರಿಂದ ನೊಣಗಳಿಗೆ ಭೇದಿಯಾಗುತ್ತದೆ. ಅಂಗಡಿಯ ಜೇನೂ ಬೇಡ, ಅದರ ಜೊತೆ ರೋಗ ಬರಬಹುದು.

ಎರಡನೆಯ ಪರೀಕ್ಷೆ ಜಾಗದ್ದು. ಮೂರು ಎರಿಗಳನ್ನು ಮುಚ್ಚುವಷ್ಟೇ ನೊಣಗಳಿರುವ ಕುಟುಂಬವನ್ನು ಎಂಟು ಚೌಕಟ್ಟಿನ ಕೋಣೆಗೆ ಇಳಿಸಿ, ಉಳಿದ ಐದು ಚೌಕಟ್ಟುಗಳನ್ನೂ ಒಟ್ಟಿಗೆ ತೂಗುಬಿಟ್ಟರೆ ಆ ಖಾಲಿ ಜಾಗವನ್ನು ಕಾಯುವುದಕ್ಕೂ ಮರಿಗೆ ಕಾವು ಕೊಡುವುದಕ್ಕೂ ನೊಣಗಳು ಸಾಲುವುದಿಲ್ಲ. ಎರಿಗಳನ್ನು ಒಂದು ಬದಿಗೆ ಒತ್ತಾಗಿಟ್ಟು, ಕೊನೆಯ ಎರಿಯ ಆಚೆಗೆ ಒಂದು ಅಡ್ಡಹಲಗೆಯನ್ನು ನಿಲ್ಲಿಸಬೇಕು. ಹಲಗೆಯಿಲ್ಲದವರು ಕೋಣೆಯ ಅಳತೆಗೆ ಕತ್ತರಿಸಿದ ದಪ್ಪ ರಟ್ಟನ್ನಾದರೂ ಬಳಸಬಹುದು. ಕಡೆಯ ಎರಿಯ ಹೊರಬದಿಯನ್ನೂ ನೊಣಗಳು ಮುಚ್ಚಿದ ಮೇಲೆಯೇ ಇನ್ನೊಂದು ಚೌಕಟ್ಟು ಕೊಡಬೇಕು, ಅದೂ ಒಂದೊಂದಾಗಿ. ಮೇಲಿನ ಜೇನು ಕೋಣೆಯನ್ನು ಈ ಹಂತದಲ್ಲಿ ಕೂಡಿಸುವುದು ಬರಿಯ ಆಸೆ.

ರಾಣಿ ತಡೆ, ಅಂದರೆ ಕಿರಿದಾದ ಸಂದುಗಳಿರುವ ಬಾಗಿಲ ಜಾಲರಿಯ ವಿಷಯದಲ್ಲಿ ಎಚ್ಚರ ಬೇಕು. ಬಾಗಿಲಿಗೆ ಇದನ್ನು ಹಾಕಿದರೆ ಕೆಲಸದ ನೊಣಗಳು ಓಡಾಡಬಹುದು, ರಾಣಿ ಹೊರಹೋಗಲಾರದು; ರಾಣಿಯಿಲ್ಲದೆ ಹಿಂಡು ನಿಲ್ಲಲಾರದೆ ಮರಳುತ್ತದೆ. ಹೊಸ ಮೊಟ್ಟೆ ಕಾಣುವವರೆಗಿನ ನಾಲ್ಕೈದು ದಿನ ಇದು ಬಹಳ ಉಪಯುಕ್ತ. ಆದರೆ ಪಾಲು ಮಾಡಿದ ಕುಟುಂಬದಲ್ಲಿ ರಾಣಿ ಇನ್ನೂ ಗಂಡಿನೊಂದಿಗೆ ಕೂಡದ ಕನ್ಯೆಯಾಗಿದ್ದರೆ ತಡೆಯನ್ನು ಹಾಕಲೇಬಾರದು, ಏಕೆಂದರೆ ಅದು ಹೊರಗೆ ಹಾರಿಹೋಗಿ ಕೂಡಿ ಬರಬೇಕು. ಗಂಡುನೊಣಗಳೂ ತಡೆಯನ್ನು ದಾಟಲಾರದೆ ಬಾಗಿಲಲ್ಲಿ ಸಿಕ್ಕಿಕೊಂಡು ಸಾಯುವುದರಿಂದ, ಹಾಕಿದ ತಡೆಯನ್ನು ವಾರಗಟ್ಟಲೆ ಮರೆಯುವಂತಿಲ್ಲ. ತಡೆ ಕುಟುಂಬವನ್ನು ಹಿಡಿದು ನಿಲ್ಲಿಸುತ್ತದೆ, ಕಾರಣವನ್ನು ಹೋಗಲಾಡಿಸುವುದಿಲ್ಲ.

ಹಿಂಡು ಈಗಾಗಲೇ ಎದ್ದು ಹತ್ತಿರದ ಕೊಂಬೆಯಲ್ಲಿ ಕುಳಿತಿದ್ದರೆ ಅದರ ಮೇಲೆ ನೀರನ್ನು ನವಿರಾಗಿ ಚಿಮುಕಿಸಿ, ಕೈಗೆಟುಕುವ ಎತ್ತರದಲ್ಲಿದ್ದರೆ ಮಾತ್ರ ಹಿಡಿಯಬೇಕು. ಅಡಿಕೆ ಮರದ ತುದಿಯಲ್ಲೋ ವಿದ್ಯುತ್ ತಂತಿಯ ಹತ್ತಿರವೋ ಕುಳಿತದ್ದನ್ನು ಬಿಟ್ಟುಬಿಡುವುದೇ ವಿವೇಕ. ಹಿಡಿದು ತಂದ ಮೇಲೆ ಕಾರಣವನ್ನು ಸರಿಪಡಿಸದೆ ಅದೇ ಪೆಟ್ಟಿಗೆಗೆ ಹಾಕಿದರೆ ಮತ್ತೆ ಏಳುತ್ತವೆ. ಬೇರೆ ಆರೋಗ್ಯವಂತ ಕುಟುಂಬದಿಂದ ಎಳೆಮರಿಯಿರುವ ಒಂದು ಎರಿಯನ್ನು ಕೊಟ್ಟರೆ ನಿಲ್ಲುವ ಸಂಭವ ಹೆಚ್ಚು. ಮರಿಯನ್ನು ಬಿಟ್ಟುಹೋಗಲು ಅವು ಹಿಂಜರಿಯುತ್ತವೆ.

ಲಕ್ಷಣ: ನೊಣಗಳಿವೆ, ಆದರೆ ಮೊಟ್ಟೆ ಕಾಣುವುದಿಲ್ಲ

ಎರಿ ಎತ್ತುವ ಮೊದಲು ಬಾಗಿಲನ್ನು ಹದಿನೈದು ನಿಮಿಷ ನೋಡಬೇಕು. ಪರಾಗ ಚೆನ್ನಾಗಿ ಬರುತ್ತಿದ್ದರೆ ಒಳಗೆ ಹುಳುಗಳಿಗೆ ಉಣಿಸುವ ಕೆಲಸ ನಡೆಯುತ್ತಿದೆ ಎಂದೇ ಭಾವಿಸಿ ಇನ್ನೊಂದು ವಾರ ಸುಮ್ಮನಿರಬಹುದು. ಪರಾಗವಿಲ್ಲದೆ ನೊಣಗಳು ಬಾಗಿಲಲ್ಲಿ ಗುರಿಯಿಲ್ಲದೆ ಓಡಾಡುತ್ತಿದ್ದು, ಪೆಟ್ಟಿಗೆಗೆ ಕಿವಿಗೊಟ್ಟಾಗ ಒಂದೇ ಸಮನೆ ಮೊರೆತ ಕೇಳುತ್ತಿದ್ದರೆ ತೆರೆದು ನೋಡಲೇಬೇಕು.

ಮೊಟ್ಟೆಯನ್ನು ನೋಡುವುದಕ್ಕೂ ಕ್ರಮವಿದೆ. ಸೂರ್ಯನಿಗೆ ಬೆನ್ನು ಮಾಡಿ ನಿಂತು, ಬೆಳಕು ಹೆಗಲ ಮೇಲಿನಿಂದ ಕೋಶದ ತಳಕ್ಕೆ ಬೀಳುವಂತೆ ಎರಿಯನ್ನು ಓರೆಯಾಗಿ ಹಿಡಿಯಬೇಕು. ತಳದ ನಡುವೆ ಒಂದೇ ಒಂದು ಪುಟ್ಟ ಬಿಳಿ ಗೆರೆ ಕಂಡರೆ ಅದೇ ಮೊಟ್ಟೆ. ರಾಣಿಯನ್ನೇ ಕಾಣಬೇಕೆಂಬ ಹಟ ಬೇಡ. ಮೊಟ್ಟೆ ಮೂರು ದಿನಗಳಲ್ಲಿ ಹುಳುವಾಗುವುದರಿಂದ, ಮೊಟ್ಟೆಯಿದ್ದರೆ ಮೂರು ದಿನಗಳ ಹಿಂದಿನವರೆಗಾದರೂ ರಾಣಿ ಇತ್ತು ಎಂದು ತಿಳಿಯುತ್ತದೆ, ಅಷ್ಟು ಸಾಕು.

ಮೊಟ್ಟೆಯಿಲ್ಲದೆ ಎರಿಯ ಮೈಮೇಲೆ ಕೆಳಮುಖವಾಗಿ ಇಳಿಬಿದ್ದ ರಾಣಿ ಕೋಶಗಳು ಕಂಡರೆ, ಬದಲಿಸುವಾಗ ರಾಣಿ ಜಜ್ಜಿಹೋಗಿದೆ ಅಥವಾ ಬಿದ್ದುಹೋಗಿದೆ, ಕುಟುಂಬ ತಾನೇ ಹೊಸದನ್ನು ಬೆಳೆಸುತ್ತಿದೆ ಎಂದು ತಿಳಿಯಬೇಕು. ಇಲ್ಲಿ ಮಾಡಬೇಕಾದ ಕೆಲಸವೆಂದರೆ ರಾಣಿ ತಡೆ ಇದ್ದರೆ ತೆಗೆಯುವುದು, ಆ ಎರಿಯನ್ನು ಕೊಡವದೆ ತಲೆಕೆಳಗಾಗಿಸದೆ ಮರಳಿ ಇಡುವುದು, ಮತ್ತು ಕಾಯುವುದು. ಹೊಸ ರಾಣಿ ಕೋಶದಿಂದ ಬಂದು, ಕೆಲವು ದಿನ ಬಲಿತು, ಹೊರಗೆ ಕೂಡಿ ಬಂದು ಮೊಟ್ಟೆ ಇಡುವ ಹೊತ್ತಿಗೆ ಪೆಟ್ಟಿಗೆ ಬದಲಿಸಿದ ದಿನದಿಂದ ಮೂರು ನಾಲ್ಕು ವಾರಗಳಾಗಿರುತ್ತವೆ. ಈ ನಡುವೆ ಮೊಟ್ಟೆಯಿಲ್ಲವೆಂದು ಎರಿಗಳನ್ನು ಮತ್ತೆ ಮತ್ತೆ ಎತ್ತಿದವರು ಕೆಡಿಸಿದ ರಾಣಿಗಳಿಗೆ ಲೆಕ್ಕವಿಲ್ಲ. ಬಿಡದೆ ಮಳೆ ಹೊಡೆಯುವ ದಿನಗಳಾದರೆ ರಾಣಿ ಕೂಡಿಬರುವುದೇ ಕಷ್ಟ; ಅಂಥ ಕುಟುಂಬವನ್ನು ಇನ್ನೊಂದರ ಜೊತೆ ಸೇರಿಸಿಬಿಡುವುದು ಮೇಲು.

ಮೊಟ್ಟೆಯೂ ಇಲ್ಲ, ರಾಣಿ ಕೋಶವೂ ಇಲ್ಲ ಎಂದಾದರೆ ಇನ್ನೊಂದು ಕುಟುಂಬದಿಂದ ಮೊಟ್ಟೆ ಮತ್ತು ಎಳೆಹುಳುಗಳಿರುವ ಎರಿಯೊಂದನ್ನು, ಅದರ ರಾಣಿ ಮೇಲಿಲ್ಲವೆಂದು ಎರಡು ಬಾರಿ ನೋಡಿ, ನೊಣಗಳನ್ನು ಕೊಡವಿ ಇಲ್ಲಿಗೆ ಕೊಡಬೇಕು. ಮೂರು ನಾಲ್ಕು ದಿನಗಳಲ್ಲಿ ಅದರಲ್ಲಿ ರಾಣಿ ಕೋಶ ಕಟ್ಟತೊಡಗಿದರೆ ರಾಣಿಯಿಲ್ಲ. ಕಟ್ಟದಿದ್ದರೆ ಎಲ್ಲೋ ಒಂದು ಕನ್ಯಾರಾಣಿ ಇದೆ. ಇದಕ್ಕಿಂತ ನಂಬಿಕಸ್ಥ ಪರೀಕ್ಷೆ ಬೇರೆಯಿಲ್ಲ, ಮತ್ತು ಈ ಒಂದು ಕಾರಣಕ್ಕಾಗಿಯೇ ಒಂದೇ ಪೆಟ್ಟಿಗೆ ಸಾಕುವುದಕ್ಕಿಂತ ಎರಡು ಸಾಕುವುದು ಸುಲಭ.

ಒಂದು ಕೋಶದಲ್ಲಿ ಎರಡು ಮೂರು ಮೊಟ್ಟೆಗಳು, ಅವೂ ತಳದಲ್ಲಿರದೆ ಗೋಡೆಗಂಟಿಕೊಂಡು, ಅಲ್ಲಲ್ಲಿ ಉಬ್ಬಿದ ಮುಚ್ಚಳದ ಗಂಡುಮರಿ ಕಂಡರೆ ರಾಣಿ ಹೋಗಿ ಕೆಲಸದ ನೊಣಗಳೇ ಮೊಟ್ಟೆ ಇಡುತ್ತಿವೆ. ತುಡುವೆಯಲ್ಲಿ ಇದು ಮೆಲ್ಲಿಫೆರಾಕ್ಕಿಂತ ಬೇಗನೆ ಶುರುವಾಗುತ್ತದೆ. ಹೊಸ ರಾಣಿಯನ್ನು ಕೊಟ್ಟರೂ ಸಾಮಾನ್ಯವಾಗಿ ಸ್ವೀಕರಿಸದೆ ಕೊಲ್ಲುತ್ತವೆ. ಆದ್ದರಿಂದ ಚಿಕಿತ್ಸೆಯ ಗೊಡವೆಗೆ ಹೋಗದೆ, ರಾಣಿಯಿರುವ ಬಲವಾದ ಕುಟುಂಬದ ಮೇಲೆ ಸಣ್ಣ ತೂತುಗಳನ್ನು ಮಾಡಿದ ವೃತ್ತಪತ್ರಿಕೆಯ ಹಾಳೆ ಹಾಸಿ, ಅದರ ಮೇಲೆ ಈ ಕುಟುಂಬದ ಕೋಣೆಯನ್ನು ಸಂಜೆ ಇಟ್ಟು ಸೇರಿಸಿಬಿಡಬೇಕು.

ಲಕ್ಷಣ: ಬಾಗಿಲಲ್ಲಿ ಜಗಳ, ಉರುಳಾಟ

ಮಧ್ಯಾಹ್ನದ ಹಾರಾಟ ಮತ್ತು ಕಳ್ಳತನ ಇವೆರಡನ್ನು ಹೊಸಬರು ಬೆರೆಸಿಕೊಳ್ಳುತ್ತಾರೆ. ಎಳೆಯ ನೊಣಗಳ ಹಾರಾಟದಲ್ಲಿ ಜಗಳವಿರುವುದಿಲ್ಲ, ಅರ್ಧ ಗಂಟೆಯೊಳಗೆ ತಣ್ಣಗಾಗುತ್ತದೆ. ಕಳ್ಳತನವಾದರೆ ನೊಣಗಳು ಒಂದನ್ನೊಂದು ಹಿಡಿದು ಉರುಳುತ್ತವೆ, ಕೆಲವು ಪೆಟ್ಟಿಗೆಯ ಸಂದುಗಳನ್ನು ಮೂಸುತ್ತ ಒಳದಾರಿ ಹುಡುಕುತ್ತವೆ, ಕತ್ತಲಾಗುವವರೆಗೂ ನಿಲ್ಲುವುದಿಲ್ಲ. ಹಗಲಿನಲ್ಲಿ ಪಾಕ ಕೊಟ್ಟದ್ದು, ಹೊರಗೆ ಚೆಲ್ಲಿದ್ದು, ಇಲ್ಲವೇ ಒಡೆದ ಎರಿಯನ್ನು ಅಲ್ಲೇ ಬಿಟ್ಟದ್ದು ಇದಕ್ಕೆ ಕಾರಣವಾಗಿರುತ್ತದೆ. ಬಾಗಿಲನ್ನು ಒಂದೆರಡು ನೊಣ ಹಾಯುವಷ್ಟಕ್ಕೆ ಕಿರಿದು ಮಾಡಿ, ಸಂದುಗಳನ್ನು ಮಣ್ಣು ಮೆತ್ತಿ ಮುಚ್ಚಿ, ಚೆಲ್ಲಿದ್ದನ್ನು ನೀರಿನಿಂದ ತೊಳೆದು, ಮುಂದೆ ಕತ್ತಲಾಗುವ ಹೊತ್ತಿಗೇ ಪಾಕ ಕೊಡಬೇಕು.

ಲಕ್ಷಣ: ಇರುವೆ, ಚಿಗಳಿ, ಕಣಜ

ಸ್ಟ್ಯಾಂಡಿನ ಕಾಲುಗಳ ಬುಡದಲ್ಲಿ ನೀರಿನ ಬಟ್ಟಲು ಇರಬೇಕು, ಮತ್ತು ಪೆಟ್ಟಿಗೆಗೆ ಯಾವ ರೆಂಬೆಯಾಗಲಿ ಬಳ್ಳಿಯಾಗಲಿ ತಾಗಿರಬಾರದು; ಚಿಗಳಿಗಳು (ಮರದಲ್ಲಿ ಗೂಡು ಕಟ್ಟುವ ಕೆಂಪಿರುವೆಗಳು) ಬರುವುದು ಹೆಚ್ಚಾಗಿ ಈ ಸೇತುವೆಯಿಂದಲೇ. ಇರುವೆಪುಡಿಯನ್ನೋ ಕೀಟನಾಶಕವನ್ನೋ ಸುತ್ತಲೂ ಉದುರಿಸುವುದು ನೊಣಗಳಿಗೇ ಹಾಕಿದ ವಿಷವಾಗುತ್ತದೆ. ಬಾಗಿಲಲ್ಲಿ ಹೊಂಚುಹಾಕುವ ಕಣಜಗಳನ್ನು ಚಪ್ಪಟೆ ಕೋಲಿನಿಂದ ಹೊಡೆದು ಕೊಲ್ಲಬಹುದು, ಆದರೆ ಅವುಗಳ ಗೂಡನ್ನು ತಾವೇ ಸುಡಲು ಹೋಗುವುದು ಜೀವಕ್ಕೆ ಅಪಾಯ.

ಲಕ್ಷಣ: ಎರಿ ಅಡ್ಡಾದಿಡ್ಡಿ ಕಟ್ಟುತ್ತಿವೆ, ಚೌಕಟ್ಟು ಕೂರುವುದಿಲ್ಲ

ಕೊಂಡು ತಂದ ಸಣ್ಣ ಪೆಟ್ಟಿಗೆಯ ಚೌಕಟ್ಟು ಮತ್ತು ಮನೆಯ ಪೆಟ್ಟಿಗೆಯ ಅಳತೆ ಬೇರೆ ಬೇರೆಯಾಗಿರುವುದು ಸಾಮಾನ್ಯ. ನ್ಯೂಟನ್ ಮಾದರಿಯ ಚೌಕಟ್ಟು ಐಎಸ್‌ಐ ಮಾದರಿಯ ಪೆಟ್ಟಿಗೆಗೆ ಸರಿಯಾಗಿ ಕೂರುವುದಿಲ್ಲ. ಕೊಳ್ಳುವ ಮೊದಲೇ ಅಳೆದು ನೋಡುವುದು ಎಲ್ಲಕ್ಕಿಂತ ಅಗ್ಗದ ಪರಿಹಾರ. ಈಗಾಗಲೇ ತಂದಾಗಿದ್ದರೆ ಎರಿಯನ್ನು ಕತ್ತರಿಸಿ, ಮರಿಯಿರುವ ಭಾಗವನ್ನು ಮೊದಲಿದ್ದಂತೆಯೇ ಮೇಲ್ಮುಖವಾಗಿ ಹೊಸ ಚೌಕಟ್ಟಿಗೆ ಹೊಂದಿಸಿ, ಬಾಳೆನಾರಿನಿಂದ ಕಟ್ಟಬೇಕು. ಎರಿ ಅಂಟಿಕೊಂಡ ಮೇಲೆ ನಾರನ್ನು ನೊಣಗಳೇ ಕಡಿದು ಹೊರಹಾಕುತ್ತವೆ. ಜೇನಿರುವ ಭಾಗವನ್ನು ಕಟ್ಟಲು ಹೋಗಬಾರದು, ಭಾರಕ್ಕೆ ಕುಸಿದು ಕುಟುಂಬವನ್ನೇ ಮುಳುಗಿಸುತ್ತದೆ.

ಅಡ್ಡ ಎರಿಗೆ ಕಾರಣ ಅಂತರ. ತುಡುವೆಗೆ ಒಂದು ಎರಿಯ ನಡುವಿನಿಂದ ಮುಂದಿನ ಎರಿಯ ನಡುವಿಗೆ ಸುಮಾರು 3 ಸೆಂಟಿಮೀಟರ್ ಸಾಕು. ಮೆಲ್ಲಿಫೆರಾದ ಅಳತೆಯಾದ 3.5 ಸೆಂಟಿಮೀಟರ್ ಬಿಟ್ಟರೆ ನಡುವೆ ಇನ್ನೊಂದು ಎರಿ ಕಟ್ಟಲು ನೋಡುತ್ತವೆ.

ಲಕ್ಷಣ: ಮರಿ ಸತ್ತಿದೆ, ಮುಚ್ಚಳ ತೂತಾಗಿದೆ, ತಳದಲ್ಲಿ ಬಲೆ ಕಟ್ಟಿದೆ

ಮೊದಲು ಒಂದು ತಪ್ಪು ಗಾಬರಿಯನ್ನು ನಿವಾರಿಸಬೇಕು. ಗಂಡುಮರಿಯ ಉಬ್ಬಿದ ಮುಚ್ಚಳದ ನಡುವೆ ಸಣ್ಣ ತೂತು ಇರುವುದು ತುಡುವೆಯಲ್ಲಿ ಸಹಜ. ರೋಗವನ್ನು ಹುಡುಕಬೇಕಾದದ್ದು ಕೆಲಸದ ನೊಣಗಳ ಚಪ್ಪಟೆ ಮುಚ್ಚಳಗಳಲ್ಲಿ.

ಅಂಚಿನ ಎರಿಯಲ್ಲಿ ಮಾತ್ರ ಎಲ್ಲ ವಯಸ್ಸಿನ ಮರಿಗಳೂ ಒಟ್ಟಿಗೆ ಸತ್ತಿದ್ದರೆ ಅದು ಕಾವು ಸಾಲದೆ ಆದದ್ದು, ಅಂದರೆ ಮತ್ತೆ ಜಾಗದ ಪ್ರಶ್ನೆಯೇ. ಅಡ್ಡಹಲಗೆ ಹಾಕಿ ಎರಿಗಳನ್ನು ಒತ್ತಾಗಿಸಿದರೆ ಮುಗಿಯಿತು. ಎರಿಯಲ್ಲಿ ಬಿಳಿ ನೂಲಿನ ಸುರಂಗಗಳೂ ತಳಹಲಗೆಯಲ್ಲಿ ಕಪ್ಪು ಹಿಕ್ಕೆಯೂ ಕಂಡರೆ ಅದು ಮೇಣದ ಪತಂಗದ ಹುಳು. ಹಾಳಾದ ಎರಿಯನ್ನು ತೆಗೆದು ಸುಟ್ಟು, ತಳಹಲಗೆಯನ್ನು ವಾರಕ್ಕೊಮ್ಮೆ ಕೆರೆದು ಸ್ವಚ್ಛಗೊಳಿಸಿ, ನೊಣಗಳು ಮುಚ್ಚದ ಎರಿಗಳನ್ನು ಪೆಟ್ಟಿಗೆಯಲ್ಲಿ ಉಳಿಸದಿರಬೇಕು. ಬಲವಾದ ಕುಟುಂಬದಲ್ಲಿ ಈ ಹುಳು ನೆಲೆಯೂರುವುದಿಲ್ಲ.

ನಿಜವಾಗಿ ಭಯಪಡಬೇಕಾದದ್ದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗಕ್ಕೆ. 1991-92ರ ಹೊತ್ತಿಗೆ ಇದು ದಕ್ಷಿಣ ಭಾರತಕ್ಕೆ ಹಬ್ಬಿ, ಕೇರಳದ ಮತ್ತು ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು. ಇಂದಿಗೂ ಅಲ್ಲಲ್ಲಿ ತಲೆಯೆತ್ತುತ್ತದೆ. ಬೆಳೆದ ಹುಳು ಕೋಶದಲ್ಲಿ ತಲೆ ಮೇಲಾಗಿ ಚಾಚಿಕೊಂಡು ಸಾಯುತ್ತದೆ. ಚಿಮಟದಿಂದ ಎತ್ತಿದರೆ ಒಡೆಯದೆ, ನೀರು ತುಂಬಿದ ಚೀಲವಾಗಿ ಇಡಿಯಾಗಿ ಬರುತ್ತದೆ. ಒಣಗಿದ ಮೇಲೆ ತುದಿ ಮೇಲೆದ್ದ ಕಪ್ಪು ಹಕ್ಕಳೆಯಾಗಿ ಉಳಿಯುತ್ತದೆ. ಮುಚ್ಚುವ ಮೊದಲೇ ಎಳೆಹುಳುಗಳು ಸುರುಳಿ ತಪ್ಪಿ ಹಳದಿಯಾಗಿ, ಹುಳಿವಾಸನೆಯೊಂದಿಗೆ ಸತ್ತಿದ್ದರೆ ಅದು ಬೇರೆ, ಬ್ಯಾಕ್ಟೀರಿಯಾದ ರೋಗ.

ಇಲ್ಲಿಂದ ಮುಂದೆ ಸ್ವಂತ ಪ್ರಯೋಗ ನಿಲ್ಲಬೇಕು. ವೈರಸ್ಸಿಗೆ ಮದ್ದಿಲ್ಲ, ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ಪಾಕಕ್ಕೆ ಬೆರೆಸುವುದರಿಂದ ಜೇನು ಕೆಡುವುದೇ ಹೊರತು ಪ್ರಯೋಜನವಿಲ್ಲ. ಆ ಪೆಟ್ಟಿಗೆಯ ಎರಿ, ಪಾಕದ ಗೆರಟೆ, ಉಪಕರಣ ಯಾವುದನ್ನೂ ಬೇರೆ ಪೆಟ್ಟಿಗೆಗೆ ಬಳಸಬಾರದು; ಎಲ್ಲಕ್ಕಿಂತ ಕೊನೆಗೆ ಆ ಪೆಟ್ಟಿಗೆಯನ್ನು ಮುಟ್ಟಬೇಕು. ಅಂಗೈಯಗಲದ ಎರಿಯ ತುಂಡನ್ನು ಪ್ಲಾಸ್ಟಿಕ್ಕಿನಲ್ಲಲ್ಲ, ಕಾಗದದಲ್ಲಿ ಸುತ್ತಿ ಕೃಷಿಭವನದ ಮೂಲಕವಾಗಲಿ ನೇರವಾಗಿ ಆಗಲಿ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಆಶ್ರಯದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ಪಡನ್ನಕ್ಕಾಡಿನ ಕೃಷಿ ಕಾಲೇಜಿಗೆ ತೋರಿಸಬೇಕು. ನ್ಯೂಕ್ಲಿಯಸ್ ಕೊಂಡು ಕೆಲವೇ ದಿನಗಳಾಗಿದ್ದರೆ ಮಾರಿದವರಿಗೂ ತಿಳಿಸಬೇಕು, ಅವರ ಉಳಿದ ಪೆಟ್ಟಿಗೆಗಳ ಹಿತಕ್ಕಾದರೂ.

ಲಕ್ಷಣ: ಒಂದೇ ದಿನದಲ್ಲಿ ಬಾಗಿಲ ಮುಂದೆ ಸತ್ತ ನೊಣಗಳ ರಾಶಿ

ಸತ್ತವುಗಳ ನಾಲಗೆ ಹೊರಚಾಚಿದ್ದು, ಬದುಕಿರುವವು ನೆಲದಲ್ಲಿ ನಡುಗುತ್ತ ತೆವಳುತ್ತಿದ್ದರೆ ಇದು ವಿಷ. ಪೆಟ್ಟಿಗೆ ಬದಲಿಸಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ಕಾಲ ಕೂಡಿಬರುವುದರಿಂದ ತಪ್ಪಾಗಿ ತಿಳಿಯುವುದುಂಟು: ಕುಟುಂಬ ಬದಲಿಸುವ ಡಿಸೆಂಬರ್, ಜನವರಿಯಲ್ಲೇ ಗೇರು ಹೂಬಿಟ್ಟು, ಅದರ ಚಿಗುರನ್ನು ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕೆ ಮದ್ದು ಹೊಡೆಯುವುದೂ ನಡೆಯುತ್ತದೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದುದು 2000ದಲ್ಲಿ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಾದ್ಯಂತ ನಿಷೇಧಿಸಿತು. ಆದರೆ ಈಗ ಬಳಕೆಯಲ್ಲಿರುವ ಲ್ಯಾಂಬ್ಡಾ ಸೈಹಲೋಥ್ರಿನ್ ಕೂಡ ಜೇನುನೊಣಗಳಿಗೆ ತೀವ್ರ ವಿಷವೇ. ಮಳೆಗಾಲದಲ್ಲಿ ಅಡಿಕೆಗೆ ಬಿಡುವ ಬೋರ್ಡೋ ದ್ರಾವಣದಿಂದ ಇಂಥ ರಾಶಿ ಸಾವು ಆಗುವುದಿಲ್ಲ.

ಅಂದು ಪೆಟ್ಟಿಗೆ ತೆರೆಯಬಾರದು. ಸತ್ತವುಗಳನ್ನು ಗುಡಿಸಿ ತೆಗೆದು, ಶುದ್ಧ ನೀರನ್ನೂ ಸಂಜೆ ಪಾಕವನ್ನೂ ಕೊಟ್ಟು, ನೊಣಗಳು ಎಷ್ಟು ಉಳಿದಿವೆಯೆಂದು ಮೂರು ದಿನ ಬಿಟ್ಟು ನೋಡಿ, ಅದಕ್ಕೆ ತಕ್ಕಂತೆ ಎರಿಗಳನ್ನು ಕಡಿಮೆ ಮಾಡಬೇಕು. ನೆರೆಯ ತೋಟದವರೊಂದಿಗೆ ಜಗಳಕ್ಕಿಂತ ಮಾತು ಹೆಚ್ಚು ಫಲ ಕೊಡುತ್ತದೆ. ಹಿಂದಿನ ದಿನವೇ ತಿಳಿಸುವಂತೆಯೂ, ನೊಣಗಳು ಗೂಡು ಸೇರಿದ ಮೇಲೆ ಸಂಜೆ ಸಿಂಪಡಿಸುವಂತೆಯೂ ಕೇಳಿಕೊಂಡರೆ ಬಹಳ ಮಂದಿ ಒಪ್ಪುತ್ತಾರೆ. ಬೆಳಗ್ಗೆಯೇ ಸಿಂಪಡಿಸುವುದು ಅನಿವಾರ್ಯವಾದರೆ ಹಿಂದಿನ ರಾತ್ರಿ ಬಾಗಿಲಿಗೆ ತಂತಿಬಲೆ ಹಾಕಿ, ಪೆಟ್ಟಿಗೆಗೆ ಒದ್ದೆ ಗೋಣಿ ಹೊದಿಸಿ ನೆರಳು ಮಾಡಿ, ಸಿಂಪಡಣೆ ಮುಗಿದು ಮಧ್ಯಾಹ್ನ ಕಳೆದ ಮೇಲೆ ಬಲೆ ತೆಗೆಯಬೇಕು. ಅದಕ್ಕಿಂತ ಹೆಚ್ಚು ಹೊತ್ತು ಮುಚ್ಚಿಟ್ಟರೆ ಒಳಗಿನ ಸೆಕೆಗೇ ಕುಟುಂಬ ಸಾಯುತ್ತದೆ.